ದೊಡ್ಡಪ್ಪನ ವಿಡಿಯೊ

ಸಂಜೆ ನಾಲ್ಕೂ ಹತ್ತಕ್ಕೆ ಆ ವಿಡಿಯೊವನ್ನು ಜಾಲತಾಣದಲ್ಲಿ ಹಾಕಿದೆ. ನಮ್ಮೂರಿನ ಕ್ಷೌರದಂಗಡಿಯಲ್ಲಿ ಜಾತಿ ನೋಡಿ ನಮ್ಮ ದೊಡ್ಡಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ದನ್ನು ನಾನೇ ಮೊಬೈಲಿನಲ್ಲಿ ಹಿಡಿದಿದ್ದೆ. ಕತ್ತಲಾಗುವ ಮೊದಲೇ ಊರಿನ ಗಂಡಸರು ಬೈಕುಗಳಲ್ಲಿ ಬಂದು ನಮ್ಮ ಬಾಗಿಲು ಒದ್ದರು.

“ವಿಡಿಯೊ ಅಳುಸ್ತೀಯೇನೇ, ಇಲ್ಲಾ ಮನ್ಗೆ ಬೆಂಕಿ ಇಕ್ಬೇಕಾ?”

ದೂರದೇಶಗಳ ಅನ್ಯಾಯದ ವಿರುದ್ಧ ನನ್ನೊಂದಿಗೆ ದಿನವೂ ಪೋಸ್ಟ್ ಹಾಕುತ್ತಿದ್ದ ಮಂಡ್ಯದ ಕಾಲೇಜು ಗೆಳತಿಯರು ಅಳುವ ಮುಖದ ಇಮೋಜಿಯೊಂದನ್ನು ಒತ್ತಿ ಸುಮ್ಮನಾದರು. ಫೋನು ಎತ್ತಲಿಲ್ಲ. ಆದರೂ ನಾನು ಅಳಿಸಲಿಲ್ಲ.

ಮರುವಾರ ದೊಡ್ಡಪ್ಪನೇ ಬಂದರು. “ಯಾರೂ ಕೂಲಿಗೆ ಕರೀತಿಲ್ಲ ಕಣವ್ವ. ನನ್ ಮಕ ತೋರ್ಸಕ್ಕೆ ಮುಂಚೆ ನನ್ನೊಂದ್ ಮಾತು ಕೇಳ್ಬಾರ್ದಿತ್ತಾ? ಅಳ್ಸ್ಬುಡು.”

ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅವರು ಈಗಲೂ ಕ್ಷೌರಕ್ಕೆ ಮಳವಳ್ಳಿಯ ಬಸ್ಸು ಹತ್ತುತ್ತಾರೆ. ಬೈಕಿನ ಸದ್ದಿಗೆ ನಾನು ಈಗಲೂ ಬೆಚ್ಚುತ್ತೇನೆ. ಆದರೆ ದೊಡ್ಡಪ್ಪನ ಮಾತಿಗೆ ವಿಡಿಯೊ ಅಳಿಸಿದ ಶುಕ್ರವಾರ ರಾತ್ರಿ ಮಾತ್ರ, ಸೋತೆನೆಂಬ ನಾಚಿಕೆಯಿಲ್ಲದೆ, ಬೆಳಗಿನವರೆಗೂ ನಿದ್ದೆ ಮಾಡಿದೆ.