ಪೂರ್ವಪಕ್ಷದ ಕಮಲಾಕರ ಮಾಸ್ತರು

ಮತ್ತಿಘಟ್ಟದ ಕಮಲಾಕರ ಮಾಸ್ತರಿಗೆ ಹೊಟ್ಟೆಪಾಡು ಇಂಗ್ಲಿಷಿನದು, ಹುಚ್ಚು ತಾಳಮದ್ದಳೆಯದು. ವಾರವಿಡೀ ಶಿರಸಿಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ. ರಜೆ ಬಂತೋ, ಹೆಗಲಿಗೊಂದು ಶಾಲು ಹಾಕಿಕೊಂಡು ಅರ್ಥ ಹೇಳಲು ಹೊರಟರು. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದಕ್ಕಿಳಿಯುತ್ತಾರೆ. ಈ ವಾರ ಒಬ್ಬ ರಾಜನ ಪರ ಕೂತವನು ಮುಂದಿನ ವಾರ ಅದೇ ರಾಜನ ನೀರಿಳಿಸಬಹುದು. ಮಾಸ್ತರು ಎರಡಕ್ಕೂ ಸೈ.

ಅವರ ಹೆಸರು ಹೋದದ್ದು ಪೂರ್ವಪಕ್ಷಕ್ಕೆ. ಎದುರಾಳಿ ಏನೇನು ಹೇಳಬಹುದೋ ಅದನ್ನೆಲ್ಲ ಅವನಿಗಿಂತ ಚೆಂದವಾಗಿ ಮೊದಲು ತಾವೇ ಹೇಳುವರು. ಕೇಳುವವರು ‘ಹೌದಲ್ಲ!’ ಎಂದು ತಲೆದೂಗಿದ ಮೇಲೆ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು, ಕಟ್ಟಿದ್ದನ್ನೆಲ್ಲ ಬುಡಸಮೇತ ಕೆಡವುವರು. ಆಮೇಲೆ ಸಿದ್ಧಾಂತ, ಅಂದರೆ ತಮ್ಮ ಪಾತ್ರದ ನಿಜವಾದ ಮಾತು.

ತೊಂಬತ್ಮೂರರಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಇಪ್ಪತ್ತನೇ ಶತಮಾನದ ಇಂಗ್ಲಿಷ್ ಸಾಹಿತ್ಯವೂ ಅದರ ವಿಮರ್ಶೆಯ ದಾರಿಗಳೂ ಬಂದಾಗ ಉಳಿದ ಮಾಸ್ತರುಗಳು ತಲೆಮೇಲೆ ಕೈಹೊತ್ತರು. ಇವರಿಗೆ ಹಬ್ಬ! ಪಠ್ಯದಲ್ಲಿ ಒಂದು ಕಾದಂಬರಿಯಿತ್ತು. ಆಫ್ರಿಕಾದ ಬಿಳಿಯ ಅಧಿಕಾರಿಯೊಬ್ಬ, ರೋಗ ಹಬ್ಬೀತೆಂದು ಒಂದು ಊರಿನ ಸೇತುವೆ ಮುರಿಸುತ್ತಾನೆ. ಊರು ಹೊಳೆಯಾಚೆ ಹಸಿದು ಸಾಯುತ್ತದೆ. ಸೋಮವಾರ ಮಾಸ್ತರು ಆ ಅಧಿಕಾರಿಯೇ ಆದರು. ಮಂಗಳವಾರ ಮಾರ್ಕ್ಸ್‌ವಾದಿಯಾಗಿ, ಆ ಸೇತುವೆಯ ಕಲ್ಲು ಹೊತ್ತವರು ಯಾರೆಂದು ಕೇಳಿದರು. ಬುಧವಾರ ಸ್ತ್ರೀವಾದಿಯಾಗಿ, ಇಡೀ ಪುಸ್ತಕದಲ್ಲಿ ಅಧಿಕಾರಿಯ ಹೆಂಡತಿ ಬಾಯಿಯೇ ಬಿಡುವುದಿಲ್ಲವಲ್ಲ, ಯಾಕೆ ಎಂದರು. ಗುರುವಾರ ಆಳಿಸಿಕೊಂಡವರ ಸರದಿ. ಗಂಟೆ ಹೊಡೆದರೂ ಹುಡುಗರು ಏಳುತ್ತಿರಲಿಲ್ಲ.

ದಾಸನಕೊಪ್ಪದಿಂದ ಬಸ್ಸಿಗೆ ಬರುತ್ತಿದ್ದ ಮಮತಾಳಿಗೆ ಮಾತ್ರ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಭತ್ತ ಬೆಳೆಯುವ ಮನೆಯ ಹುಡುಗಿ, ಕೇಳಬೇಕೆಂದರೆ ಕೇಳಿಯೇಬಿಡುವವಳು.

“ಸರ್, ಎಲ್ಲಾರ ಪರ ಮಾತಾಡಿದ್ರಿ. ನಿಮ್ದು ಯಾವ ಕಡೆ, ಅದನ್ನ ಹೇಳ್ರಿ.”

“ಅರ್ಥಧಾರಿಗೆ ಸ್ವಂತ ಕಡೆ ಎಂತಕ್ಕೆ ಮಾರಾಯ್ತಿ? ಪಾತ್ರ ಕೊಡು, ಮಾತಾಡ್ತೇನೆ.”

“ಹಂಗಾರ ಹೊಳೆ ಆಚೆ ಸಿಕ್ಕೊಂಡೋರು ಏನ್ ಮಾಡ್ಬೇಕ್ರಿ? ನಿಮಗ ಪಾತ್ರ ಸಿಗೋತನಕ ಕಾಯಬೇಕೇನು?”

ತರಗತಿ ಗೊಳ್ಳೆಂದಿತು. ಮಾಸ್ತರೂ ನಕ್ಕರು. ಅಂಥ ವಿದ್ಯಾರ್ಥಿ ಅವರಿಗೆ ಮತ್ತೊಬ್ಬಳು ಸಿಕ್ಕಲಿಲ್ಲ, ಅದನ್ನು ಮನೆಯಲ್ಲಿ ಹೆಂಡತಿ ವೇದಾಳ ಹತ್ತಿರ ಎಷ್ಟೋ ಸಲ ಹೇಳಿದ್ದರು. ಮಮತಾಳ ಎದುರು ಹೇಳಲಿಲ್ಲ, ನೋಡಿ.

ತೊಂಬತ್ತೆಂಟರಲ್ಲಿ ಅದೇ ಕಾಲೇಜಿಗೆ ಇಂಗ್ಲಿಷಿನ ಇನ್ನೊಂದು ಹುದ್ದೆ ಬಂತು. ಧಾರವಾಡದಲ್ಲಿ ಎಂ.ಎ. ಮುಗಿಸಿದ್ದ ಮಮತಾ ಅರ್ಜಿ ಹಾಕಿದಳು. ಆಡಳಿತ ಮಂಡಳಿಯ ಅಧ್ಯಕ್ಷ ನಾಗಪತಿ ಹೆಗಡೆಯವರ ಸಂಬಂಧಿಕ ಚಿರಂತನನೂ ಹಾಕಿದ. ಹುಡುಗ ಒಳ್ಳೆಯವನೇ, ಆದರೆ ಮಮತಾಳ ಮುಂದೆ ಏನೂ ಅಲ್ಲ. ವಿಭಾಗದ ಮುಖ್ಯಸ್ಥರಾಗಿದ್ದ ಮಾಸ್ತರು ಹೇಳಿದಂತೆ ಆಗಲಿ ಎಂದು ಮಂಡಳಿ ಅವರನ್ನು ಕರೆಯಿತು. ಕೆಲಸ ಮಮತಾಳಿಗೇ ಎಂದು ಮಾಸ್ತರು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡು ಹೋಗಿದ್ದರು.

ಹೋದವರು ನೇರ ಅವಳ ಹೆಸರು ಹೇಳಿ ಬರಬಾರದೇ? ಊಹೂಂ. ಪೂರ್ವಪಕ್ಷದಿಂದ ಶುರು! ಚಿರಂತನನ ಮನೆತನ, ಸೌಮ್ಯ ಗುಣ, ಉಚ್ಚಾರ, ಊರಿನ ಹುಡುಗನೆಂಬ ಅನುಕೂಲ, ಒಂದನ್ನೂ ಬಿಡಲಿಲ್ಲ. ಮಂಡಳಿಯವರ ಮನಸ್ಸಿನಲ್ಲಿದ್ದುದನ್ನು ಅವರಿಗಿಂತ ಚೆಂದವಾಗಿ ಹೇಳಿದರು. ಎಲ್ಲರೂ ತಲೆದೂಗಿದರು. ಇನ್ನು ಕೆಡವಬೇಕು ಎಂದು ಮಾಸ್ತರು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾಗಪತಿ ಹೆಗಡೆಯವರು ಪೆನ್ನಿನಿಂದ ಮೇಜಿನ ಮೇಲೆ ಟಕಟಕ ಬಡಿದು, “ಅಲ್ಲಿಗೆ ಮುಗೀತು. ಚಾ ತರ್ಸಿ” ಎಂದರು.

ಭಾಗವತರ ತಾಳ ಬಿತ್ತೆಂದರೆ ಎಂಥ ಅರ್ಥಧಾರಿಯೂ ಬಾಯಿ ಮುಚ್ಚಬೇಕು, ಅದು ಪದ್ಧತಿ. ಮಾಸ್ತರ ಬಾಯಿ ಆ ಟಕಟಕಕ್ಕೆ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆಯುವಷ್ಟರಲ್ಲಿ ಎಲ್ಲರ ಕೈಗೂ ಚಾ ಬಂದು, ಮಾತು ಅಡಿಕೆ ದರದ ಕಡೆ ತಿರುಗಿತ್ತು.

“ಆ ಹುಡ್ಗಿ ಹೆಸ್ರು ಹೇಳಲೆ ಎಂತ ಆಗಿತ್ತು?” ವೇದಾ ಮನೆಯಲ್ಲಿ ಸಿಡಿದಳು. “ಬಾಯಲ್ಲಿ ಅವಲಕ್ಕಿ ಇತ್ತಾ?”

ಮರುದಿನ ಬೆಳಿಗ್ಗೆಯೇ ಮಾಸ್ತರು ಹೆಗಡೆಯವರ ಮನೆಗೆ ಓಡಿದರು. ನಿನ್ನೆಯದು ಪೂರ್ವಪಕ್ಷ, ಕೆಲಸ ಮಮತಾಳಿಗೆ ಆಗಬೇಕು ಎಂದರು. ಹೆಗಡೆಯವರು ಕವಳದ ಬಟ್ಟಲು ಮುಂದೆ ಸರಿಸಿದರು. “ನಿನ್ನೆ ಅಷ್ಟು ಹೊಗಳಿ ಇವತ್ತು ಎಂತದೋ ಮಾರಾಯಾ! ನಿನ್ನ ಯಾವ ಮಾತು ನಂಬವು ಆನು? ಹುಡುಗಂಗೆ ಹೇಳಿ ಆತು.”

ಮಮತಾ ಸುದ್ದಿ ಕೇಳಿ ತಾನೇ ಬಂದಳು. “ಸರ್, ನನ್ನ ಹೆಸರೇ ಎತ್ತಲಿಲ್ಲಂತ. ಖರೇನಾ?”

“ಅದು ಹಾಗಲ್ಲ ಮಮತಾ, ನಾನು ಮೊದಲು ಪೂರ್ವಪಕ್ಷ...”

“ಬಸ್ಸಿಗೆ ಹೊತ್ತಾತ್ರಿ” ಎಂದಳು. ಅವಳ ಕಣ್ಣು ತುಂಬಿತ್ತು. ಮಾಸ್ತರಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆ ವರ್ಷ ತಾಳಮದ್ದಳೆಗೆ ಕರೆದಲ್ಲೆಲ್ಲ ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡರು.

ಮಮತಾ ಮಾಗೋಡಿನ ಕಡೆ ಒಂದು ಹೈಸ್ಕೂಲಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಯಲ್ಲಾಪುರದಲ್ಲಿ ಕಾಲೇಜು ಸೇರಿದಳು. ಎರಡು ಸಾವಿರದ ಆರರಲ್ಲಿ ಅಲ್ಲೊಂದು ವಿಚಾರ ಸಂಕಿರಣ ಇಟ್ಟುಕೊಂಡಳು, ಇಪ್ಪತ್ತನೇ ಶತಮಾನದ ಇಂಗ್ಲಿಷ್ ಸಾಹಿತ್ಯದ ಮೇಲೆಯೇ. ಮುಖ್ಯ ಭಾಷಣಕ್ಕೆ ನಿವೃತ್ತ ಕಮಲಾಕರ ಮಾಸ್ತರನ್ನು ಕರೆದಳು. ಮಾಸ್ತರು ಹೋಗಲೋ ಬೇಡವೋ ಎಂದು ಒದ್ದಾಡಿ, ವೇದಾ ಬೈದ ಮೇಲೆ ಬಸ್ಸು ಹತ್ತಿದರು.

ಆ ದಿನ ಮಂಡಳಿಯಲ್ಲಿ ನಡೆದದ್ದು ಯಾರ ಬಾಯಿಂದಲೋ ಪೂರ್ತಿ ತಿಳಿದಿದ್ದ ಮಮತಾ ಮೈಕಿನ ಹತ್ತಿರ ಮೆಲ್ಲಗೆ ಅಂದಳು: “ಸರ್, ಇವತ್ತು ಸಿದ್ಧಾಂತದಿಂದ ಸುರು ಮಾಡ್ರಿ. ಯಾರು ಯಾವಾಗ ಮೇಜು ಬಡಿತಾರೋ ಗೊತ್ತಾಗಂಗಿಲ್ಲ.”

ಮಾಸ್ತರು ಬರೆದು ತಂದಿದ್ದ ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿಕೊಂಡರು.

“ಸೇತುವೆ ಮುರಿಸಿದ ಆ ಅಧಿಕಾರಿ ಮಾಡಿದ್ದು ತಪ್ಪು. ಇದು ಯಾವ ಪಾತ್ರದ ಮಾತೂ ಅಲ್ಲ, ನನ್ನದು. ಅವನ ಪರವಾಗಿ ಬಹಳ ವರ್ಷ ಚೆಂದ ಮಾತಾಡಿದೆ. ಹಾಗೆ ಚೆಂದ ಮಾತಾಡುತ್ತ ಕೂತು ಒಬ್ಬರು ದಾಟಬೇಕಾಗಿದ್ದ ಸೇತುವೆಯನ್ನು ನಾನೇ ಮುರಿದಿದ್ದೇನೆ. ಅವರು ಇಲ್ಲೇ ಇದ್ದಾರೆ. ಆ ದಿನ ಮೊದಲ ಮಾತಿಗೇ ಅವರ ಹೆಸರು ಹೇಳಬೇಕಿತ್ತು.”

ಹುಡುಗರು ಟಿಪ್ಪಣಿ ಎಂದುಕೊಂಡು ಅದನ್ನೂ ಬರೆದುಕೊಂಡರು. ಮಮತಾ ಬರೆಯಲಿಲ್ಲ. ಎದ್ದು ಬಂದು ಮಾಸ್ತರ ಲೋಟಕ್ಕೆ ನೀರು ಹಾಕಿದಳು.

“ಈಗ ಪೂರ್ವಪಕ್ಷ ಹೇಳ್ರಿ ಸರ್,” ಎಂದಳು, “ಕುಂತು ಕೇಳ್ತೀವಿ.”