‘ಆಯ್ತು ರೀ’ ಅನ್ನೋ ಕೀ

ಆಫೀಸಿನಲ್ಲಿ ಎಲ್ಲರೂ ಅವನನ್ನು ಬ್ರಾಕೆಟ್ಟು ಅಂತಲೇ ಕರೆಯೋದು. ಲಿಸ್ಪ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನ ಬಾಳೇ ಅಷ್ಟು: ಬ್ರಾಕೆಟ್ಟು ತೆರೆ, ಬ್ರಾಕೆಟ್ಟು ಮುಚ್ಚು. ಆದರೆ ಅವನ ಅಕ್ಕನಿಗೆ ಪಾರ್ಶ್ವವಾಯು ಬಡಿದು ಮಾತೂ ಬಲಗೈಯೂ ಹೋದಾಗ ಆ ಬ್ರಾಕೆಟ್ಟುಗಳೇ ಕೈಹಿಡಿದವು. ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು ಅನ್ನೋದನ್ನು ಹೊಸದಾಗಿ ಹೊಂದಿಸಿ, ಅಷ್ಟೂ ಅಕ್ಷರ ಎಡಗೈಗೇ ಎಟುಕುವ ಹಾಗೆ ಮಾಡಿಕೊಟ್ಟ. ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಅವಳ ಮೊದಲ ಮಾತು, “ಫ್ಯಾನ್ ಆರಿಸ್ರೋ, ಚಳಿ.”

ಭಾವನಿಗೆ ಅದೂ ತಡ. “ಒಂದು ಮಾತಿಗೆ ಎಷ್ಟೊತ್ತು ಕಾಯೋದಯ್ಯ? ಮೂಲೆ ಕೀ ಒತ್ತಿದ್ರೆ ‘ಆಯ್ತು ರೀ’ ಅನ್ನೋ ಹಾಗೆ ಮಾಡಿಬಿಡು, ಪಾಪ, ಅವಳಿಗೂ ಸುಲಭ” ಅಂದರು. ಬಾಯಲ್ಲಿ ಬೆಣ್ಣೆ. ಒಂದು ಸಾಲಿನ ಕೆಲಸ ತಾನೆ ಅಂತ ಬ್ರಾಕೆಟ್ಟು ಮಾಡಿಕೊಟ್ಟ.

ಮುಂದಿನ ಭಾನುವಾರ ಹೋದರೆ ಅಕ್ಕನ ಮುಂದೆ ಮನೆ ಮಾರಿಸುವ ದಲ್ಲಾಳಿಯೊಬ್ಬ ಕೂತಿದ್ದ. ಬ್ರಾಕೆಟ್ಟು ಕೀಬೋರ್ಡ್ ನೋಡಿದ. ಮೂಲೆಯದೊಂದು ಬಿಟ್ಟು ಉಳಿದ ಕೀಗಳ ಮೇಲೆಲ್ಲ ಅಗಲವಾದ ಟೇಪು ಬಿಗಿದಿತ್ತು. ಅದರ ಅಂಚಿಗೆ ಉದುರಿದ ಕೂದಲು, ಬ್ರೆಡ್ಡಿನ ಚೂರು, ಒಣಗಿದ ಜೊಲ್ಲು. ಥೂ!

“ಅಮ್ಮ ನಿನ್ನ ಹೆಸರಿಗೆ ಬರೆದ ಈ ಮನೆ ಮಾರಿಬಿಡೋಣ, ಅಲ್ವೇನೇ?” ಅಂದ ಭಾವ. ಇಂಥವನಿಗೆ ಇನ್ನು ಬಹುವಚನ ಎಲ್ಲಿಂದ ಬರಬೇಕು! ಅಕ್ಕನ ಬೆರಳು ಟೇಪಿನ ಮೇಲೆ ಕೆರೆಯಿತು, ಕೆರೆಯಿತು. ಭಾವನೇ ಅವಳ ಕೈ ಹಿಡಿದು ಮೂಲೆಗೆ ಒತ್ತಿದ.

“ಆಯ್ತು ರೀ” ಅಂತು ಕಂಪ್ಯೂಟರ್.

“ಅಮ್ಮಾವ್ರು ಒಪ್ಪಿದ್ರಲ್ಲ!” ದಲ್ಲಾಳಿ ಹಲ್ಲು ಕಿರಿದ.

ಬ್ರಾಕೆಟ್ಟು ಕೀಬೋರ್ಡ್ ಕಿತ್ತುಕೊಂಡು ಟೇಪನ್ನು ಪರಪರ ಎಳೆದ. ಬೆರಳಿಗೆ ಅಂಟಿದ ಕೊಳಕನ್ನು ಭಾವನ ಇಸ್ತ್ರಿ ಅಂಗಿಗೇ ಒರೆಸಿದ.

“ಏಯ್, ಏನೋ ಮಾಡ್ತಿದ್ದೀಯ?”

“ನಿಮ್ಮ ಬಾಯಿ ಅವಳ ಕೈಯಿಂದ ತೆಗೀತಿದ್ದೀನಿ.”

ಲಿಸ್ಪ್‌ನ ಗುಣ ಅದು, ಪ್ರೋಗ್ರಾಂ ಓಡುತ್ತಿರುವಾಗಲೇ ಸಾಲು ತಿದ್ದಬಹುದು, ನಿಲ್ಲಿಸಬೇಕಿಲ್ಲ. ಆ ಒಂದು ಸಾಲು ಅಳಿಸಿ ಕೀಬೋರ್ಡನ್ನು ಅಕ್ಕನ ತೊಡೆಯ ಮೇಲಿಟ್ಟ. ಅವಳು ಒಂದೊಂದೇ ಅಕ್ಷರ ಒತ್ತಿದಳು.

“ಮಾರಲ್ಲ.”

ದಲ್ಲಾಳಿ ಚಪ್ಪಲಿ ಹುಡುಕಿಕೊಂಡು ಹೊರಟ. ಭಾವ ಗೊಣಗುತ್ತ ಅವನ ಹಿಂದೆಯೇ ಓಡಿದ. ಬ್ರಾಕೆಟ್ಟು ಗೆದ್ದವನಂತೆ ಅಕ್ಕನ ಕಡೆ ನೋಡಿದ. ಅವಳು ನಗಲಿಲ್ಲ, ಬೆರಳು ಇನ್ನೂ ಆಡುತ್ತಿತ್ತು. ಅವಳು ನಿಲ್ಲಿಸಿದ ಮೇಲೆ ಕಂಪ್ಯೂಟರ್ ಓದಿತು:

“ಆ ಕೀ ಮಾಡೋವಾಗ ನೀನೂ ನನ್ನ ಕೇಳ್ಲಿಲ್ಲ.”