ಕಿರಣ ಹೊಂದಿಸುವ ಜಸೀರಾ

ಬೆಳಗಿನ ಐದೂವರೆ. ಜಸೀರಾ ಲೆಮೆಸ್ ಅವರ ಬಲಗಣ್ಣಿನ ನೋಟದ ನಡುಭಾಗದಲ್ಲಿ ಏನೂ ಕಾಣುವುದಿಲ್ಲ. ಎಡಗಣ್ಣನ್ನೇ ನಂಬಿ, ಉಕ್ಕಿನ ಕೊಳವೆಗೆ ಕೂರಿಸಿದ ಗಾಜಿನ ಕಿಟಕಿಯ ಮಸಿ ಒರೆಸುತ್ತಿದ್ದಾರೆ.

ಬ್ರೆಜಿಲ್‌ನ ಪರಾಯಿಬಾ ಕಣಿವೆಯ ಈ ಪ್ರಯೋಗಶಾಲೆಯಲ್ಲಿರುವುದು ಒಂದರ ಹಿಂದೊಂದು ಸ್ಫೋಟದ ಬಲದಿಂದ ಓಡುವ ಎಂಜಿನ್. ಇಂಧನ ಸಿಡಿಯುವ ಜಾಗದಲ್ಲಿ ಯಾವ ಉಪಕರಣವೂ ಉಳಿಯದು. ಈ ಕಿಟಕಿಯ ಮೂಲಕ ಬೆಳಕು ಮಾತ್ರ ಒಳಹೋಗಬಲ್ಲದು. ಲೇಸರನ್ನು ಹಾಳೆಯಷ್ಟು ತೆಳುವಾಗಿಸಿ ಒಳಗೆ ಬಿಟ್ಟರೆ ಜ್ವಾಲೆಯ ಒಂದು ಸೀಳು ಮಿನುಗುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಆ ಕಿರಣದ ದಾರಿ ಹೊಂದಿಸುವುದು ಜಸೀರಾ ಅವರ ಕೆಲಸ. ಇಲ್ಲಿಗೆ ಬರುವ ಮೊದಲು ಪಟ್ಟಣದ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರು.

ಹೊಂದಿಸುವಾಗ ಲೇಸರನ್ನು ಮಂದವಾಗಿಸಿ, ಕಾಗದದ ಮೇಲೆ ಬೀಳುವ ಹಸಿರು ಚುಕ್ಕೆ ನೋಡಬೇಕು. ರಕ್ಷಣಾ ಕನ್ನಡಕ ಹಾಕಿದರೆ ಚುಕ್ಕೆ ಕಾಣದು. ಹಾಗಾಗಿ ಇಲ್ಲಿ ಎಲ್ಲರೂ ಕನ್ನಡಕವನ್ನು ಹಣೆಗೇರಿಸುತ್ತಾರೆ. ಹೋದ ವರ್ಷ ಕಾರ್ನಿವಲ್ ಮುಗಿದ ವಾರ ಜಸೀರಾ ಅವರೂ ಏರಿಸಿದ್ದರು. ಹಸಿರಿನ ಜೊತೆ ಬರುವ, ಕಣ್ಣಿಗೆ ಕಾಣದ ಕಿರಣ ಕಿಟಕಿಯ ಅಂಚಿಗೆ ತಾಗಿ ಅವರ ಬಲಗಣ್ಣಿನತ್ತ ತಿರುಗಿತು.

“ನೋವೇ ಆಗ್ಲಿಲ್ಲ. ತಲೆಯೊಳಗೆ ಪಟ್ ಅಂತು, ಅಷ್ಟೇ. ಕಾಫಿ ಕುಡ್ದು ಬಂದು ಕೆಲ್ಸ ಮುಗಿಸ್ದೆ. ಸಂಜೆ ಬಸ್ಸಿನ ನಂಬರ್ ಕಾಣ್ಲಿಲ್ಲ.”

ಅಂದು ಸಿಕ್ಕ ಜ್ವಾಲೆಯ ಚಿತ್ರ ಈಗ ಮೊಗಸಾಲೆಯ ಗೋಡೆಯಲ್ಲಿದೆ. ಒಮ್ಮೊಮ್ಮೆ ಅವರು ಎಡಗಣ್ಣು ಮುಚ್ಚಿ ಅದನ್ನು ನೋಡುತ್ತಾರೆ. ಚೌಕಟ್ಟು ಕಾಣುತ್ತದೆ, ಜ್ವಾಲೆ ಇಲ್ಲ.

ನಿಯಮ ಮೀರಿದ್ದು ಆಕೆಯೇ ಎಂದು ವಿಚಾರಣೆ ಹೇಳಿತು. ಅದು ಸುಳ್ಳಲ್ಲ ಎಂದು ಅವರೂ ಒಪ್ಪುತ್ತಾರೆ. ಕೇಳುತ್ತಿರುವುದು ಒಂದೇ: ಚುಕ್ಕೆಯನ್ನು ಪರದೆಯ ಮೇಲೆ ತೋರಿಸುವ ಸಣ್ಣ ಕ್ಯಾಮೆರಾ. ಆಗ ಯಾರೂ ಬರಿಗಣ್ಣಿನಲ್ಲಿ ನೋಡಬೇಕಿಲ್ಲ. ಮುಂದಿನ ವರ್ಷ ನೋಡೋಣ ಎಂಬ ಉತ್ತರ ಮತ್ತೆ ಬಂದಿದೆ. ಈವರೆಗೆ ಒಂದೇ ಕಣ್ಣಿನಲ್ಲಿ ದುಡಿದ ಅವರಿಗೆ ವೈದ್ಯರು ಈಗ ಲೇಸರ್ ಕೆಲಸ ಇನ್ನು ಬೇಡವೆಂದಿದ್ದಾರೆ. ಇಂದಿನಿಂದ ಕಿರಣ ಹೊಂದಿಸುವವರು ಅವರದೇ ವಯಸ್ಸಿನ ಎಡಿಲ್ಸನ್.

“ಏನಮ್ಮಾ ಕಡಲ್ಗಳ್ಳಿ, ಕಣ್ಣಿಗೆ ಕರಿ ಪಟ್ಟಿ ಎಲ್ಲಿ?” ಎನ್ನುತ್ತ ಎಡಿಲ್ಸನ್ ಬರುತ್ತಾರೆ.

“ನಿಂಗೂ ಒಂದು ಹೊಲ್ಸಿಡ್ತೀನಿ, ತಾಳು.”

ಎಡಿಲ್ಸನ್ ನಗುತ್ತ ಕನ್ನಡಕವನ್ನು ಹಣೆಗೇರಿಸುತ್ತಾರೆ. ಜಸೀರಾ ಲೇಸರ್ ಆರಿಸಿ, ಅದರ ಕೀಲಿಯನ್ನು ಜೇಬಿಗಿಳಿಸುತ್ತಾರೆ.

“ಕೀಲಿ ಕೊಡಿ, ಜಸೀರಾ ಅವರೇ. ಶುಕ್ರವಾರದೊಳಗೆ ಚಿತ್ರ ಬೇಕು,” ಎಂದು ಪ್ರಯೋಗಶಾಲೆಯ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಕೇಳುತ್ತಾರೆ.

“ಕ್ಯಾಮೆರಾ ಬರ್ಲಿ ಸಾರ್, ಕೊಡ್ತೀನಿ.”

ಅಂದು ಪ್ರಯೋಗ ನಡೆಯಲಿಲ್ಲ. ಮರುದಿನ ಜಸೀರಾ ಅವರನ್ನು ಉಗ್ರಾಣಕ್ಕೆ ವರ್ಗ ಮಾಡಲಾಯಿತು. ಲೇಸರ್‌ಗೆ ಇನ್ನೊಂದು ಕೀಲಿ ಇತ್ತು. ಶುಕ್ರವಾರ ಬೆಳಿಗ್ಗೆ ಎಡಿಲ್ಸನ್ ಬರಿಗಣ್ಣಿನಲ್ಲಿ ಕಿರಣ ಹೊಂದಿಸಿದರು.